ನಿನ್ನೆಯ ಹಣತೆ

ಹೊಳೆದಂಡೆಯ ಒಂದು ಹಳೆಯ ನಗರದಲ್ಲಿ ಕಲ್ಲಿನ ಗುಡಿಯೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಮಠದ ಹಿರಿಯ ಸ್ವಾಮಿಗಳು ಮತ್ತು ಅವರ ಶಿಷ್ಯ ಪರ್ವತಯ್ಯ. ಆ ಗುಡಿಯ ಒಂದೊಂದು ಕಂಬವನ್ನೂ ಪರ್ವತಯ್ಯ ಕೈಯಿಂದ ಸವರಿ ಬಲ್ಲವನು. ಅಷ್ಟು ಪ್ರೀತಿ ಅವನಿಗೆ.

ಅಲ್ಲೊಂದು ಪದ್ಧತಿ ಇತ್ತು. ಸಂಜೆಯ ದೀಪವನ್ನು ದಿನವೂ ಹೊಸ ಹಣತೆಯಲ್ಲೇ ಹಚ್ಚಬೇಕು. ಹೊಸದು ಉರಿದ ಮೇಲೆ ಹಿಂದಿನ ದಿನದ ಹಣತೆ ಹೊಳೆಗೆ. ಮಣ್ಣಿನದು ಮಣ್ಣಿಗೇ ಸೇರಲಿ ಎಂದು. ದಿನವೂ ಹೊಸ ಹಣತೆ ಕಾಣುವ ಗುಡಿ ಎಂದೂ ಹಳೆಯದಾಗುವುದಿಲ್ಲ ಎನ್ನುತ್ತಿದ್ದರು. ಹೊಸ ಹಣತೆ ತರುವವಳು ಗುಡಿಯ ಹಿಂದಿನ ಕುಂಬಾರಗೇರಿಯ ಚೆನ್ನಾಜಮ್ಮ. ಅವಳಿಗೆ ಮುಂಚೆ ಅವಳ ಅತ್ತೆ, ಅತ್ತೆಗೆ ಮುಂಚೆ ಆಕೆಯ ಅತ್ತೆ.

ಆ ವರ್ಷ ಯುದ್ಧ ಬಂತು. ವಿಮಾನಗಳು ಊರೂರಿನ ಮೇಲೆ ಬಾಂಬು ಸುರಿಯತೊಡಗಿದವು. ಆದರೆ ಎರಡೂ ಕಡೆಯವರು ಒಂದು ಮಾತಿಗೆ ಒಪ್ಪಿದ್ದರು: ಪುರಾತನ ಕಟ್ಟಡದ ಮಾಳಿಗೆಯ ಮೇಲೆ ದೊಡ್ಡ ಬಿಳಿ ಚಕ್ರ ಬರೆದಿದ್ದರೆ ಅದನ್ನು ಮುಟ್ಟುವುದಿಲ್ಲ. ಮೇಲಿನಿಂದ ನೋಡುವವನಿಗೆ ಗುಡಿಯೂ ಒಂದೇ, ದನದ ಕೊಟ್ಟಿಗೆಯೂ ಒಂದೇ. ಅದಕ್ಕೇ ಆ ಗುರುತು.

ಪರ್ವತಯ್ಯ ಸುಣ್ಣ ಕಲಸಿಕೊಂಡು ಏಣಿ ಹತ್ತಿದ.

"ಚಕ್ರ ಎಷ್ಟು ದೊಡ್ಡದು ಬರೀತೀಯ?" ಕೆಳಗಿನಿಂದ ಸ್ವಾಮಿಗಳು ಕೇಳಿದರು.

"ಗುಡಿಯಷ್ಟು, ಬುದ್ಧಿ."

"ಗುಡಿ ಎಲ್ಲಿಗೆ ಮುಗಿಯುತ್ತೆ?"

ಇದೆಂಥ ಪ್ರಶ್ನೆ ಅನ್ನಿಸಿತು ಅವನಿಗೆ. "ಗೋಡೆಗೆ ಮುಗಿಯುತ್ತೆ, ಬುದ್ಧಿ."

ಸ್ವಾಮಿಗಳು ಏಣಿ ಹಿಡಿದುಕೊಂಡು ಹಿಂದಿನ ಕೇರಿಯತ್ತ ನೋಡಿದರು.

ಅವನು ಇಳಿದು ಬರುವಷ್ಟರಲ್ಲಿ ಚೆನ್ನಾಜಮ್ಮ ಹಣತೆ ಹಿಡಿದು ಬಾಗಿಲಲ್ಲಿದ್ದಳು.

"ಮರಿಬುದ್ಧಿ, ಸುಣ್ಣ ಮಿಕ್ಕಿದೆಯಲ್ಲ. ನಮ್ಮ ಸೂರಿನ ಮೇಲೂ ಒಂದು ಸುತ್ತು ಎಳೆದುಬಿಡಿ."

"ಅದು ಪುರಾತನ ಕಟ್ಟಡಕ್ಕೆ ಮಾತ್ರ, ಚೆನ್ನಾಜಮ್ಮ."

"ನಮ್ದೇನು ಹೊಸದಾ? ಮಳೆ ಬಂದ್ರೆ ಹೊರಗಿಗಿಂತ ಒಳಗೇ ಜಾಸ್ತಿ ಸುರಿಯುತ್ತೆ."

ಪರ್ವತಯ್ಯನಿಗೆ ನಗು ಬಂತು. ಆದರೂ ಆಗದೆಂದು ತಲೆಯಾಡಿಸಿದ. "ಕಂಡಕಂಡಲ್ಲೆಲ್ಲ ಬರೆದರೆ ಅವರು ಯಾವುದನ್ನೂ ನಂಬೋದಿಲ್ಲ. ಆಗ ಗುಡಿಯೂ ಹೋಗುತ್ತೆ. ಗುಡಿ ಬೇಡವಾ ನಿಮಗೆ?"

"ಬೇಡ ಅಂತೀನಾ, ಸ್ವಾಮಿ," ಅಂದಳು ಚೆನ್ನಾಜಮ್ಮ. ಹಣತೆಯನ್ನು ಗೂಡಿನಲ್ಲಿಟ್ಟು ಹೋದಳು.

ಪರ್ವತಯ್ಯನ ಮಾತು ಸುಳ್ಳಾಗಿರಲಿಲ್ಲ. ಆಮೇಲೆ ಅವನನ್ನು ಹೆಚ್ಚು ಸುಟ್ಟದ್ದೂ ಅದೇ.

ಮರುದಿನ ಮಧ್ಯಾಹ್ನ ವಿಮಾನಗಳು ಬಂದವು. ಕೇರಿಯವರು ಆಗತಾನೇ ಆವಿಗೆಗೆ ಬೆಂಕಿ ಕೊಟ್ಟಿದ್ದರು. ಮಡಕೆ ಸುಡುವ ಬೆಂಕಿಯನ್ನು ನಡುವೆ ಬಿಟ್ಟು ಹೋದರೆ ತಿಂಗಳ ದುಡಿಮೆ ಹಾಳು. ಹಾಗಾಗಿ ಯಾರೂ ಓಡಲಿಲ್ಲ.

ಸದ್ದಡಗಿದ ಮೇಲೆ ಪರ್ವತಯ್ಯ ಹೊರಗೆ ಬಂದು ನೋಡಿದ. ಗುಡಿ ಹಾಗೇ ಇತ್ತು. ಒಂದು ಕಲ್ಲೂ ಅಲುಗಿರಲಿಲ್ಲ.

ಗುಡಿಯ ಹಿಂದೆ ಕುಂಬಾರಗೇರಿ ಇರಲಿಲ್ಲ.

ಗುರುಶಿಷ್ಯರು ಸಂಜೆಯವರೆಗೂ ಮಣ್ಣು ತೋಡಿದರು. ಸೀರೆಯ ಅಂಚು ನೋಡಿ ಚೆನ್ನಾಜಮ್ಮನನ್ನು ಗುರುತು ಹಿಡಿದರು. ಹೊಳೆದಂಡೆಯಲ್ಲಿ, ಅವಳು ಜೇಡಿ ತೆಗೆಯುತ್ತಿದ್ದ ಜಾಗದಲ್ಲೇ, ಮಣ್ಣು ಮಾಡಿದರು.

ದೀಪದ ಹೊತ್ತಾಯಿತು. ಗೂಡಿನಲ್ಲಿ ಹೊಸ ಹಣತೆ ಇರಲಿಲ್ಲ. ಅಂಚು ಕಪ್ಪಾದ ನಿನ್ನೆಯದೊಂದೇ ಇತ್ತು.

"ಗುಡಿ ಉಳೀತು, ಬುದ್ಧಿ," ಅಂದ ಪರ್ವತಯ್ಯ. "ನಾನು ತಪ್ಪು ಮಾಡಿದೆನಾ?"

ಸ್ವಾಮಿಗಳು ಹೊದ್ದಿದ್ದ ವಸ್ತ್ರದ ತುದಿಯಿಂದ ಅವನ ಕೈಯ ಮಣ್ಣು ಒರೆಸಿದರು. ಮಣ್ಣಿನ ಕೆಳಗೆ, ಬೆರಳ ಸಂದಿಗಳಲ್ಲಿ, ನಿನ್ನೆಯ ಸುಣ್ಣ ಇನ್ನೂ ಇತ್ತು.

ಪರ್ವತಯ್ಯ ಕೇಳಿದ, "ನಿನ್ನೆಯ ಹಣತೆಯನ್ನೇ ಹಚ್ಚಲಾ?"

"ಹಚ್ಚು, ಮಗು," ಅಂದರು ಸ್ವಾಮಿಗಳು. "ಇವತ್ತಿನಿಂದ ಗುಡಿ ಹಳೆಯದಾಯಿತು."