ಕುಂಬಳಕಾಯಿಗೆ ಬಂದ ಅಳು

ನದಿಯ ದಡದ ಆ ಮಠದಲ್ಲಿ ಗುಟ್ಟು ಅನ್ನುವುದೇ ಉಳಿದಿರಲಿಲ್ಲ. ಸಂಗಯ್ಯಜ್ಜನವರಿಗೆ ಕಿವಿ ಮಂದ. ಮನಸ್ಸಿನ ಭಾರ ಇಳಿಸಲು ಬಂದವರು ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಕೂಗಿಯೇ ಹೇಳಬೇಕು.

ಮಧುಕೇಶನೂ ಕೂಗಿಯೇ ಹೇಳಿದ. "ಅಜ್ಜಾರೇ, ನನ್ನ ಕಿವಿ ಕೆಟ್ಟುಹೋಗಿದೆ. ಸರಿಮಾಡಿ ಕೊಡಿ."

"ಭಲೇ ಜಾಗಕ್ಕ ಬಂದಿ ನೋಡು," ಎಂದರು ಅಜ್ಜನವರು. "ಏನ್ ಕೆಲಸ ಮಾಡ್ತಿ?"

"ಥ್ರಿಲ್ಲರ್ ಸಿನಿಮಾಗಳಿಗೆ ಸದ್ದು ಕೂಡಿಸುತ್ತೇನೆ. ಒದ್ದೆ ಗೋಣಿಚೀಲದಲ್ಲಿ ಕುಂಬಳಕಾಯಿ ಸುತ್ತಿ ಗುದ್ದಿದರೆ ಅದು ಮುಷ್ಟಿಯ ಏಟು. ಎಳೆ ಸೌತೆಕಾಯಿ ಮುರಿದರೆ ಮೂಳೆ. ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಹತ್ತು ಪಟ್ಟು ದೊಡ್ಡದು ಮಾಡುತ್ತೇನೆ."

"ಒಳ್ಳೆ ಅಡಿಗಿ. ಆಮ್ಯಾಲೆ?"

ಮಧುಕೇಶ ತಲೆ ತಗ್ಗಿಸಿದ. ತಗ್ಗಿಸಿದರೆ ಅಜ್ಜನವರಿಗೆ ಕೇಳಿಸುವುದಿಲ್ಲವೆಂದು ಮತ್ತೆ ಎತ್ತಿದ.

"ಒಂದು ಸಂಜೆ ಸ್ಟುಡಿಯೋದ ಹಿಂದಿನ ಗಲ್ಲಿಯಲ್ಲಿ ನಾಲ್ಕು ಜನ ಒಬ್ಬನನ್ನು ಸುತ್ತಿಕೊಂಡಿದ್ದರು. ಮಬ್ಬು ಬೆಳಕು, ಸರಿಯಾಗಿ ಕಾಣಲಿಲ್ಲ. ಸದ್ದು ಕೇಳಿಸಿತು. ಹಾಸಿಗೆ ತಟ್ಟಿದ ಹಾಗೆ, ಏನೂ ತೂಕವಿರಲಿಲ್ಲ. ಇದು ಹೊಡೆತವಲ್ಲ, ಗೆಳೆಯರ ಹುಡುಗಾಟ ಅಂದುಕೊಂಡು ನನ್ನ ಪಾಡಿಗೆ ನಾನು ನಡೆದುಬಿಟ್ಟೆ. ಆ ಮನುಷ್ಯನ ಒಂದು ಕಣ್ಣು ಹೋಯಿತು."

ಅಜ್ಜನವರು ಅವನ ತುಟಿಗಳನ್ನೇ ನೋಡುತ್ತಿದ್ದರು.

"ಮರುದಿನ ಆ ಹೊಡೆತದ ವಿಡಿಯೋ ಎಲ್ಲರ ಫೋನಿಗೂ ಬಂತು. ಅಂಗಡಿಯ ಕ್ಯಾಮೆರಾದಲ್ಲಿ ಸದ್ದು ಇರಲಿಲ್ಲವಂತೆ. ಯಾರೋ ಪುಣ್ಯಾತ್ಮರು ಸಿನಿಮಾದ ಸದ್ದು ಸೇರಿಸಿ ಹಂಚಿದ್ದರು. ನಾನು ಮಾಡಿದ ಸದ್ದು, ಅಜ್ಜಾರೇ. ಅದನ್ನು ಕೇಳಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ." ಅವನು ಇನ್ನಷ್ಟು ಹತ್ತಿರ ಸರಿದ. "ಮನುಷ್ಯ ಏಟು ತಿನ್ನುವಾಗ ಬರದ ಅಳು ಕುಂಬಳಕಾಯಿಗೆ ಬಂತು. ನಾನು ಇನ್ನು ಮನುಷ್ಯನೋ ಅಲ್ಲವೋ, ಅಷ್ಟು ಹೇಳಿ."

ಅಜ್ಜನವರು ಪಕ್ಕದ ಬುಟ್ಟಿಗೆ ಕೈ ಹಾಕಿದರು. ಮೆಂತ್ಯ ಸೊಪ್ಪಿನ ಕಟ್ಟೊಂದನ್ನು ಅವನ ಮುಂದೆ ಇಟ್ಟರು. "ಬಿಡಿಸು," ಎಂದರು.

ಬಿಡಿಸುತ್ತಲೇ ದಿನಗಳು ಹೋದವು. ಅಲ್ಲಿ ಎಷ್ಟು ದಿನವಾಯಿತೆಂದು ಮಧುಕೇಶನಿಗೆ ಲೆಕ್ಕ ಸಿಗುತ್ತಿರಲಿಲ್ಲ. ಮಾಗಿಯ ಬಿಸಿಲು ನೀರಿನ ಮೇಲೆ ಮಲಗಿರುತ್ತಿತ್ತು, ಆಚೆ ದಡ ಇದೆಯೋ ಇಲ್ಲವೋ ಅನ್ನುವ ಹಾಗೆ ತೇಲುತ್ತಿತ್ತು. ಕೊಕ್ಕರೆಗಳು ಹಾರಿದರೂ ನಿಂತಂತೆಯೇ ಕಾಣುತ್ತಿದ್ದವು. ಎಚ್ಚರವೋ ಕನಸೋ ಎಂದು ಅವನು ಎಷ್ಟೋ ಸಲ ಕೈ ಚಿವುಟಿಕೊಂಡ.

ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಿದ್ದ ಅವನ ಕೈ ನಿಂತಿತು.

ಎದುರಿಗೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜನವರು ಆ ಕೈಯನ್ನು ನೋಡಿದರು. "ಏನಾತು?"

"ಆಚೆ ದಡದಲ್ಲಿ ಏನೋ ಸದ್ದು."

"ಎಂಥಾದ್ದು?"

ಮಧುಕೇಶ ಕಣ್ಣು ಮುಚ್ಚಿ ಕೇಳಿಸಿಕೊಂಡ. "ಏನೋ ಬಡಿಯುತ್ತಿದ್ದಾರೆ. ಮೈಗೆ ಬೀಳುವ ಏಟಲ್ಲ, ಒಣಗಿದ್ದು ಏನೋ. ಬಿಡಿ, ಏನೂ ಇಲ್ಲ."

ಅವನು ಕಣ್ಣು ತೆರೆದಾಗ ಅಜ್ಜನವರು ಮೆಟ್ಟಿಲ ಮೇಲೆ ಇರಲಿಲ್ಲ. ಧೋತರ ಮೇಲೆತ್ತಿ ಕಟ್ಟಿಕೊಂಡು ಆಗಲೇ ನೀರಿಗೆ ಇಳಿದಿದ್ದರು.

"ಅಜ್ಜಾರೇ, ಏನೂ ಇಲ್ಲ ಅಂದೆನಲ್ಲ!"

ಅವರಿಗೆ ಎಲ್ಲಿ ಕೇಳಬೇಕು. ಮಧುಕೇಶ ಓಡಿಹೋಗಿ ತೋಳು ಹಿಡಿದುಕೊಂಡ. ಮೊಣಕಾಲುದ್ದ ನೀರಿನಲ್ಲಿ ಇಬ್ಬರೂ ನಡೆದರು. ಕಾಲಡಿಯ ಮರಳು ಮೆಲ್ಲಗೆ ಜಾರುತ್ತಿತ್ತು.

ಆಚೆ ದಡದಲ್ಲಿ ಒಬ್ಬಳು ಮುದುಕಿ ಒಣಗಿದ ತೊಗರಿ ಗಿಡಗಳನ್ನು ರಾಶಿ ಹಾಕಿಕೊಂಡು ಕೋಲಿನಿಂದ ಬಡಿಯುತ್ತಿದ್ದಳು. ಅಜ್ಜನವರನ್ನು ಕಂಡು ಸೆರಗು ಸರಿಪಡಿಸಿಕೊಂಡಳು.

"ಮತ್ತ ಬಂದ್ರೇನ್ರಿ ಅಜ್ಜಾರ?" ಎಂದು ನಕ್ಕಳು. "ಮೊನ್ನಿನೂ ಹಿಂಗಽ ಬಂದಿದ್ರಿ."

"ಹೌದವ್ವಾ," ಎಂದರು ಅಜ್ಜನವರು. "ಆರಾಮ ಅದಿ?"

"ಅದೀನ್ರಿ."

ಅಷ್ಟೇ. ಅಜ್ಜನವರೂ ಮಧುಕೇಶನೂ ತಿರುಗಿ ನೀರಿಗೆ ಇಳಿದರು.

ಮಧುಕೇಶನಿಗೆ ರೇಗಿತು. ಅಜ್ಜನವರ ಕಿವಿಯ ಹತ್ತಿರ ಬಾಗಿ, "ನನ್ನ ಕಿವಿ ಸರಿಯಾಗೇ ಹೇಳಿತ್ತು. ಈ ವಯಸ್ಸಿನಲ್ಲಿ ಸುಮ್ಮನೆ ಹೊಳೆ ದಾಟಿದಿರಿ. ಯಾರನ್ನೋ ಹೊಡೆಯುತ್ತಿದ್ದಾರೆ ಅಂತ ನಿಮಗೆ ಅನ್ನಿಸಿತ್ತೇ?" ಎಂದ.

"ಇಲ್ಲ."

"ಮತ್ತೆ?"

"ನನಗ ಏನ್ ಗೊತ್ತಾಗಬೇಕು, ತಮ್ಮಾ."

ನಾಲ್ಕು ಹೆಜ್ಜೆ ಮುಂದೆ ಹೋಗಿ ಮಧುಕೇಶ ನಿಂತುಬಿಟ್ಟ. ನಡುನೀರಿನಲ್ಲಿ ಅವನಿಗೆ ಆ ಗಲ್ಲಿ ನೆನಪಾಯಿತು. ಅದು ಈ ಹೊಳೆಯಷ್ಟು ಅಗಲವಿರಲಿಲ್ಲ.

"ಹತ್ತು ಹೆಜ್ಜೆ ಇತ್ತು, ಅಜ್ಜಾರೇ," ಎಂದ. "ಬರೀ ಹತ್ತು ಹೆಜ್ಜೆ."

ಅವನಿಗೆ ಅಳು ಬಂತು. ಈ ಸಲ ಆ ಮನುಷ್ಯನಿಗಾಗಿಯೇ ಬಂತು.

ಅಜ್ಜನವರು ಅವನ ಹೆಗಲ ಮೇಲೆ ಕೈಯೂರಿ, ಅವನು ಅತ್ತು ಮುಗಿಸುವವರೆಗೂ ತಣ್ಣನೆಯ ನೀರಿನಲ್ಲಿ ನಿಂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು:

"ನನ್ನ ಕಿವಿ ನಿನ್ನಷ್ಟು ಚುರುಕ ಇದ್ದಿದ್ರ, ನಾನೂ ಕುಂತಲ್ಲೇ ಕುಂದರತಿದ್ದೆ."