ಮುಂದ ಸುಡೋ ಹಚ್ರಿ

"ಅಪ್ಪಾವ್ರ, ಈ ಮಠ ನನ್ನ ಮನೀನ ಹೌದೋ ಅಲ್ಲೋ?" ಎಂದು ಶಿಷ್ಯ ಕೇಳಿದ.

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಮಠದ ಮೇಲುಸ್ತುವಾರಿ ಅವನ ಕೈಗೆ ಬಂದ ಮೇಲೆ ಯಾವ ಕೆಲಸವೂ ನಿಂತಿರಲಿಲ್ಲ. ಎಲ್ಲವೂ ಅವನು ಹೇಳಿದಂತೆಯೇ ನಡೆಯುತ್ತಿತ್ತು. ಆದರೆ ಅವನು ಹೋದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ದಾಸೋಹದಲ್ಲಿ ಅಡುಗೆ ಮಾಡುವ ಸಾತವ್ವ ಅವನನ್ನು ಚಿಕ್ಕಂದಿನಿಂದ ಉಣ್ಣಿಸಿ ಬೆಳೆಸಿದವಳು. ಮೊದಲೆಲ್ಲ "ಬಾರೋ ಮರಿ" ಎಂದು ಕರೆದು ಮಜ್ಜಿಗೆ ಕೊಡುತ್ತಿದ್ದಳು. ಈಗ ಸೌಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಎದ್ದು ನಿಂತು "ಏನ ಅಪ್ಪಣಿರೀ?" ಎನ್ನುತ್ತಾಳೆ. ಅದು ಅವನ ಎದೆಗೆ ನಾಟಿತ್ತು. ಹುಟ್ಟಿದ ಮನೆಯ ನೆನಪು ಅವನಿಗಿರಲಿಲ್ಲ. ಇದ್ದದ್ದು ಇದೊಂದೇ ಮನೆ.

ಗುರುಗಳಿಗೆ ಕಾರಣ ಗೊತ್ತಿತ್ತು. ಶಿಷ್ಯ ಯಾರಿಗೆ ಏನು ಹೇಳಿದರೂ ಅದರ ಹಿಂದೆ "ಅಪ್ಪಾವರ ಅಪ್ಪಣಿ ಆಗೇತಿ" ಎಂದು ಸೇರಿಸುತ್ತಿದ್ದ. ಕೊಟ್ಟಿಗೆ ಗುಡಿಸಲಿಕ್ಕೂ ಅಪ್ಪಣೆ, ಚಪ್ಪಲಿ ಸಾಲಾಗಿ ಬಿಡಲಿಕ್ಕೂ ಅಪ್ಪಣೆ. ಹಿಂದಿನ ದಿನ ಊಟಕ್ಕೆ ಕುಳಿತ ಗುರುಗಳೇ ಉಪ್ಪಿನಕಾಯಿ ಕೇಳಿದ್ದರು. ಬಡಿಸುವವನು ಕೈ ಮುಗಿದು, "ಉಪ್ಪಿನಕಾಯಿ ಬಂದ್ ರೀ, ಅಪ್ಪಾವರ ಅಪ್ಪಣಿ ಆಗೇತ್ರಿ" ಎಂದಿದ್ದ. ಗುರುಗಳು ತಮ್ಮ ಅಪ್ಪಣೆಯನ್ನು ತಾವೇ ಮೀರುವುದು ಹೇಗೆಂದು ಬರಿಯ ಅನ್ನ ಸಾರು ಉಂಡು ಎದ್ದಿದ್ದರು.

"ಒಂದು ಕತಿ ಕೇಳು," ಎಂದರು ಗುರುಗಳು. ರಾಜನೋ ಹುಲಿಯೋ ಬರುತ್ತದೆಂದು ಶಿಷ್ಯ ಕಾಲು ಮಡಚಿ ಕುಳಿತ. ಬಂದದ್ದು ಕಂಪ್ಯೂಟರು.

ಒಂದು ಪೇಟೆಯಲ್ಲಿ ಒಬ್ಬ ಅಚ್ಚಿನ ಅಂಗಡಿಯವನಿದ್ದ. ಮದುವೆಯ ಕಾರ್ಡು ಅಚ್ಚು ಹಾಕುವುದು ಅವನ ಕಸುಬು. ಊರವರ ಮಕ್ಕಳ ಮದುವೆಯನ್ನೆಲ್ಲ ಅಚ್ಚು ಹಾಕಿದವನಿಗೆ ಕಡೆಗೊಮ್ಮೆ ತನ್ನ ಮಗಳ ಮದುವೆಯೂ ಬಂತು. ಅಂಗಡಿಯ ಕಂಪ್ಯೂಟರು ಮುದಿ ಎತ್ತು. ಗುಂಡಿ ಒತ್ತಿ, ಮನೆಗೆ ಹೋಗಿ ರೊಟ್ಟಿ ತಿಂದು ಬಂದರೂ ಅದು ಕಣ್ಣು ಬಿಟ್ಟಿರುತ್ತಿರಲಿಲ್ಲ. ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಈ ವಿದ್ಯೆ ಬಲ್ಲವನು. ಅವನು ಬಂದು ಹಳೆಯದನ್ನೆಲ್ಲ ತೆಗೆದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿದ. ಅದರ ಮೇಲೆ ಪರದೆಯ ಮೇಲೆ ಕಾಣುವ ಚಿತ್ರ, ಕಿಟಕಿಗಳನ್ನೆಲ್ಲ ನಡೆಸುವ ತೀರ ಹಗುರಾದ ಒಂದು ಡೆಸ್ಕ್‌ಟಾಪ್ ಕೂರಿಸಿದ. ಮುದಿ ಎತ್ತು ಕರುವಿನಂತೆ ಜಿಗಿಯಿತು. ಷಡ್ಡಕ ಒಂದು ಸಲ ಚಹಾ ಕುಡಿದು ಮೂರು ಸಲ ತನ್ನನ್ನು ತಾನೇ ಹೊಗಳಿಕೊಂಡ. ಇನ್ನು ಸತ್ತರೂ ಈ ಮನುಷ್ಯನನ್ನು ಕರೆಯುವುದಿಲ್ಲ ಎಂದು ಅಚ್ಚಿನವನು ಮನಸ್ಸಿನಲ್ಲೇ ಆಣೆ ಇಟ್ಟ.

ಮರುದಿನ ಪರದೆಯ ಕೆಳಗಿನ ಪಟ್ಟಿ ಕಾಣದಾಯಿತು. ಗಡಿಯಾರ, ಗುಂಡಿಗಳು ಎಲ್ಲ ಇದ್ದದ್ದು ಅದರಲ್ಲೇ. ಅಚ್ಚಿನವನು ಏನೇನೋ ತೆರೆದು ತಿದ್ದಲು ಹೋದ. "ಅನುಮತಿ ಇಲ್ಲ" ಎಂದಿತು ಯಂತ್ರ. ನನ್ನ ಅಂಗಡಿ, ನನ್ನ ಕಂಪ್ಯೂಟರು, ನನಗೇ ಅನುಮತಿ ಇಲ್ಲವೇ ಎಂದು ಅವನು ಉರಿದುಬಿದ್ದ. ಆಣೆ ನುಂಗಿಕೊಂಡು ಷಡ್ಡಕನಿಗೆ ಫೋನು ಮಾಡಿದ.

"ಮುಂದ ಸುಡೋ ಹಚ್ರಿ," ಎಂದ ಷಡ್ಡಕ.

"ಹಿರಿಯ ಷಡ್ಡಕಗ ಸುಡೋ ಅಂತೀಯೇನು? ಸುಡ್ರಿ ಅನ್ನಾಕ ಬರೂದಿಲ್ಲ?"

"ಸುಡ್ರಿ ಅಂದ್ರ ಯಂತ್ರಕ್ಕ ತಿಳಿಯೂದಿಲ್ರಿ ಅಣ್ಣಾರ. ಅದರೊಳಗ ಇಬ್ಬರು ಇರ್ತಾರ. ಒಬ್ಬ ನೀವು. ಇನ್ನೊಬ್ಬ ಯಜಮಾನ, ಅವನ ಹೆಸರು ರೂಟ್. ಕಪ್ಪು ಪರದ್ಯಾಗ ಬರಿಯೂ ಮಾತಿನ ಮುಂದ ಸುಡೋ ಹಚ್ಚಿದ್ರ ಯಜಮಾನನ ಹೆಸರಿಲೆ ಹೇಳಿದಂಗ. ಯಂತ್ರ ಸುಮ್ಮನ ಕೇಳ್ತೈತಿ. ಆದ್ರ ಎಲ್ಲಾದಕ್ಕೂ ಅದನ್ನ..."

ಅಷ್ಟರಲ್ಲಿ ಅಚ್ಚಿನವನು ಫೋನು ಇಟ್ಟಾಗಿತ್ತು.

ಸುಡೋ ಹಚ್ಚಿದ. ಪಟ್ಟಿ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನೂ ಹಾಗೆಯೇ ಮಾಡಿದ. ಗಣಪತಿಯ ಚಿತ್ರ ತೆರೆಯಲಿಕ್ಕೆ ಸುಡೋ, ಮಗಳ ಹೆಸರಿಗೆ ಹೂವಿನ ಬಳ್ಳಿ ಸುತ್ತಲಿಕ್ಕೆ ಸುಡೋ, ಸುತ್ತಿದ್ದನ್ನು ಉಳಿಸಲಿಕ್ಕೆ ಸುಡೋ. ಕಡೆಗೆ ಡೆಸ್ಕ್‌ಟಾಪನ್ನೇ ಸುಡೋ ಹಚ್ಚಿ ಎಬ್ಬಿಸಿದ. ಯಂತ್ರ ಒಂದಕ್ಕೂ ಇಲ್ಲ ಎನ್ನಲಿಲ್ಲ. ಎಂಥ ವಿನಯ ಎಂದು ಅವನು ಹಿಗ್ಗಿದ. ಯಜಮಾನನ ಹೆಸರಿನಲ್ಲಿ ಮಾಡಿದ್ದೆಲ್ಲ ಯಜಮಾನನ ಹೆಸರಿಗೇ ಸೇರುತ್ತ ಹೋದದ್ದು ಅವನಿಗೆ ಗೊತ್ತಾಗಲಿಲ್ಲ.

ಬೀಗರು ಬರುವ ದಿನ ಬಂತು. ಮೊದಲ ಕಾರ್ಡು ತಮ್ಮ ಮನೆದೇವರ ಮುಂದಿಡಬೇಕು, ಒಯ್ಯಲಿಕ್ಕೆ ತಾವೇ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಸಣ್ಣ ಮಾತಿಗೂ ಮುನಿಯುವ ಬೀಗರು. ಅಚ್ಚಿನವನು ಬೆಳಿಗ್ಗೆಯೇ ಕಂಪ್ಯೂಟರು ಹಚ್ಚಿದ. ಅದು ಹೆಸರು ಕೇಳಿತು, ಗುಟ್ಟಿನ ಪದ ಕೇಳಿತು. ಎರಡನ್ನೂ ಕೊಟ್ಟ. ಪರದೆ ಕಪ್ಪಾಯಿತು. ಮತ್ತೆ ಹೆಸರು ಕೇಳಿತು.

ಬೆರಳು ತಪ್ಪಿರಬೇಕೆಂದು ಇನ್ನೊಮ್ಮೆ ಕೊಟ್ಟ. ಮತ್ತೆ ಬಾಗಿಲ ಹೊರಗೆ. ಬೇಕೆಂದೇ ತಪ್ಪು ಪದ ಕೊಟ್ಟು ನೋಡಿದ. ತಪ್ಪು ಎಂದು ಬೈಯಿತು. ಸರಿಯಾದದ್ದು ಕೊಟ್ಟರೆ ಬೈಯುತ್ತಲೂ ಇರಲಿಲ್ಲ. ಒಳಗೆ ಕರೆದ ಹಾಗೆ ಮಾಡಿ ಮಾತಿಲ್ಲದೆ ಹೊರಗೆ ಬಿಡುತ್ತಿತ್ತು. ಬೈಗುಳವೇ ವಾಸಿ ಎನಿಸಿತು ಅವನಿಗೆ. ಬರಿಯ ಅಕ್ಷರ ಬರೆಯುವ ಆ ಕಪ್ಪು ಪರದೆಗೆ ಹೋಗಿ, ಸುಡೋ ಹಚ್ಚಿ, ಡೆಸ್ಕ್‌ಟಾಪನ್ನೇ ಕಿತ್ತು ಮತ್ತೆ ಹಾಕಿದ. ಬಾಗಿಲು ಹಾಗೆಯೇ ಇತ್ತು. ಕಡೆಗೆ ಒಂದು ನಿಂಬೆಹಣ್ಣು ಕೊಯ್ದು ಇಳಿತೆಗೆದ. ಕಂಪ್ಯೂಟರಿಗೆ ದೃಷ್ಟಿಯೂ ಆಗಿರಲಿಲ್ಲ.

ಬೀಗರು ಬಂದು ಕುಳಿತರು.

"ಕಾರ್ಡು ತೋರಸ್ರಿ," ಎಂದರು.

"ಒಳಗೈತ್ರಿ."

"ತಗದು ತೋರಸ್ರಿ ಮತ್ತ."

"ನನ್ನನ್ನ ಒಳಗ ಬಿಡವಲ್ತ್ರಿ."

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಂತ ಅಂಗಡಿಯ ಕಂಪ್ಯೂಟರೇ ನಂಬದವನ ಮನೆಯ ಹೆಣ್ಣು ತರುವುದೋ ಬೇಡವೋ ಎಂಬ ಮಾತು ಅವರ ಮುಖದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅಚ್ಚಿನವನಿಗೆ ಅಳು ಬಂತು. ಮಗಳ ಮುಖ ನೋಡುವ ಧೈರ್ಯ ಬರಲಿಲ್ಲ. ಹೆಂಡತಿ ಅವನನ್ನು ಕೇಳದೆಯೇ ತಂಗಿಯ ಗಂಡನನ್ನು ಕರೆಸಿದಳು.

ಷಡ್ಡಕ ಬಂದ. ಮೊದಲು ಚಹಾ ಕುಡಿದ. ಆಮೇಲೆ ಕಪ್ಪು ಪರದೆಯಲ್ಲಿ ಯಾವ ವಸ್ತು ಯಾರದೆಂದು ನೋಡಿದ. ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು, ರೂಟ್.

"ಅಣ್ಣಾರ, ಈ ಮನಿಯಾಗ ನಿಮ್ಮದು ಅನ್ನೂದು ಏನೂ ಉಳದಿಲ್ಲ. ಒಳಗ ಹೋಗೂ ಚೀಟಿ ಸುದ್ದಾ ಯಜಮಾನನ ಹೆಸರಿಲೆ ಐತಿ. ಯಂತ್ರ ನಿಮ್ಮ ಗುರುತು ಹಿಡೀತೈತಿ. ಆದ್ರ ಒಳಗ ನಿಮ್ಮದು ಏನೂ ಇಲ್ಲ ಅಂದಮ್ಯಾಲೆ ನಿಮ್ಮನ್ನ ಎಲ್ಲಿ ಕುಂದರಸಬೇಕು?"

"ಈಗೇನ ಮಾಡೂದೋ?"

"ಇನ್ನೊಂದು ಸಲ ಸುಡೋ ಹಚ್ಚೂದು, ಎಲ್ಲಾ ತಿರುಗಿ ನಿಮ್ಮ ಹೆಸರಿಗೆ ಮಾಡಾಕ. ಆಮ್ಯಾಲೆ ಆ ಮಾತು ಮರತಬಿಡೂದು."

ಒಂದೇ ಸಾಲು ಬರೆದ. ಅಚ್ಚಿನವನು ತನ್ನ ಹೆಸರು ಹೇಳಿದ. ಬಾಗಿಲು ತೆರೆಯಿತು. ಗಣಪತಿ, ಹೂವಿನ ಬಳ್ಳಿ, ಮಗಳ ಹೆಸರು ಎಲ್ಲವೂ ಇದ್ದಲ್ಲೇ ಇದ್ದವು. ಕಾರ್ಡು ಬಿಸಿಬಿಸಿಯಾಗಿ ಹೊರಬಂತು. ಬೀಗರು ಶಿರಾ ತಿಂದು, ನಕ್ಕು, ಕಾರ್ಡು ಒಯ್ದರು. ಹೊರಡುವಾಗ ಷಡ್ಡಕ ಮೌಸಿನ ಬಾಣವನ್ನು ಪರದೆಯ ಕೆಳತುದಿಗೆ ಒಯ್ದು ತೋರಿಸಿದ. ಪಟ್ಟಿ ತಾನಾಗಿ ಮೇಲೆದ್ದು ಬಂತು. ಅದಕ್ಕೆ ಅಡಗಿಕೊಳ್ಳುವ ಅಭ್ಯಾಸವಿತ್ತು, ಅಷ್ಟೇ. ಅದು ಒಂದು ದಿನವೂ ಕಳೆದಿರಲಿಲ್ಲ.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಎಂಥಾ ಹುಚ್ಚ ಅಪ್ಪಾವ್ರ ಅವ! ತನ್ನ ಹೆಸರಿಲೆ ಕೇಳಿದ್ರ ಆಗೂ ಕೆಲಸಕ್ಕ ಯಜಮಾನನ ಹೆಸರು ಯಾಕ ಬೇಕಿತ್ತು?"

ಗುರುಗಳು ಅವನ ನಗು ಮುಗಿಯುವವರೆಗೂ ಕಾದರು. ಆಮೇಲೆ ಹೇಳಿದರು:

"ಹೋಗು, ನನ್ನ ಹೆಸರು ತಗೀಲಾರದ ಸಾತವ್ವನ ಕಡೆ ಒಂದು ಲೋಟ ಮಜ್ಜಿಗಿ ಕೇಳು, ಕೊಟ್ರ ನನಗೂ ಒಂದು ಹೋಳು ಉಪ್ಪಿನಕಾಯಿ ತಾ."