ಹುಣಸೆಬೀಜದಷ್ಟು ಪೆನ್‌ಡ್ರೈವ್

ಹೊಳೆಯ ದಡದ ಸಣ್ಣ ಮಠದಲ್ಲಿ ಅಡಿವೆಯ್ಯ ಎಂಬ ಗುರು ತತ್ವಪದ ಹಾಡುತ್ತಿದ್ದರು. ಈಚೆಗೆ ದನಿ ಬಿದ್ದುಹೋಗಿತ್ತು. ಮಾತಾಡಿದರೆ ಕೇಳಿಸುತ್ತಿತ್ತು, ಹಾಡಿದರೆ ಇಲ್ಲ. ಹಿಂದೆ ಹಾಡಿದಾಗ ಮುದ್ರಿಸಿಟ್ಟ ಅವರ ಪದಗಳು ಉಳಿದಿದ್ದುದು ಪಡಸಾಲೆಯ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ.

ಅದನ್ನು ಬರಿದು ಮಾಡಿ ಶಾಲೆಗೆ ಕೊಡುವುದೆಂದು ಮಾತಾಗಿತ್ತು. ಪದಗಳನ್ನು ಬೇರೆಡೆ ಇಳಿಸುವ ಕೆಲಸ ಶಿಷ್ಯ ಮೌನೇಶನದು. ಅವನು ಪೇಟೆಯಿಂದ ಒಂದು ಪೆನ್‌ಡ್ರೈವ್ ತಂದ. ಹುಣಸೆಬೀಜದಷ್ಟು ಗಾತ್ರ, ಮೈಯೆಲ್ಲ ಉಕ್ಕು.

ಮೆಟ್ಟಿಲ ಮೇಲಿಂದ ಕೆಡವಿ ನೋಡಿದ. ಹೊಳೆಯಲ್ಲಿ ಅದ್ದಿ ನೋಡಿದ. ಒರೆಸಿ, ಒಣಗಿಸಿ, ಕಂಪ್ಯೂಟರಿಗೆ ಚುಚ್ಚಿದ. ಅದರ ದೀಪ ಮಿಣುಕಿತು.

"ಅಜ್ಜಾರ, ಇದು ಕಲ್ಲಿಗೂ ಬಗ್ಗಂಗಿಲ್ಲ, ನೀರಿಗೂ ಅಂಜಂಗಿಲ್ಲ!"

"ನಮ್ಮ ಮಠದ ಎಮ್ಮಿ ಇದ್ದಂಗ. ಹಾಲು ಕೊಡತೈತೇನು?"

ಮೌನೇಶ ನಕ್ಕ. ಪದಗಳನ್ನೆಲ್ಲ ತುಂಬಿದ. ಪರದೆಯ ಮೇಲೆ ಹೆಸರುಗಳು ಸಾಲಾಗಿ ನಿಂತವು, ಒಂದೂ ತಪ್ಪಿರಲಿಲ್ಲ. ಇನ್ನು ಹಳೆಯದನ್ನು ಅಳಿಸಬೇಕು. ಬೆರಳು ಗುಂಡಿಯ ಮೇಲಿತ್ತು.

"ತಡಿ," ಎಂದರು ಗುರುಗಳು. "ಹಳೇ ಗಡಿಗಿ ತೊಳಿಯೂದಕ್ಕಿಂತ ಮೊದಲ ಹೊಸಾದರಾಗಿಂದು ಒಂದು ಗುಟುಕು ಕುಡಿಸು."

ಮೌನೇಶ ಪೆನ್‌ಡ್ರೈವಿನ ಮೊದಲ ಪದ ಹಚ್ಚಿದ. ಗುರುಗಳ ಆಗಿನ ದನಿ ಪಡಸಾಲೆ ತುಂಬಿತು.

"ಕಡೀದು ಹಚ್ಚು."

ಹಚ್ಚಿದ. ಸದ್ದಿಲ್ಲ. ಅದರ ಹಿಂದಿನದೂ ಮೂಕ. ನಡುವಿನದೂ ಮೂಕ.

ಪೆನ್‌ಡ್ರೈವ್ ಹೇಳಿಕೊಂಡಷ್ಟು ಜಾಗ ಅದರೊಳಗೆ ಇರಲೇ ಇಲ್ಲ. ಹಿಡಿಸಿದಷ್ಟು ಹಿಡಿಸಿಕೊಂಡು, ಮಿಕ್ಕಿದ್ದಕ್ಕೆ ಬರೀ ಹೆಸರು ಬರೆದುಕೊಂಡು ಸುಮ್ಮನಾಗಿತ್ತು.

ಮೌನೇಶ ಅಳಿಸುವ ಗುಂಡಿಯತ್ತ ನೋಡಿದ. ಗುಂಡಿ ಒತ್ತಿದ್ದರೆ ಆ ದನಿ ಇನ್ನೆಲ್ಲಿ ಸಿಗುತ್ತಿತ್ತು? ಹೆದರಿಕೆ ಸಿಟ್ಟಾಗಿ ತಿರುಗಿತು.

"ಸುಳ್ಳುಬುರುಕ!" ಪೆನ್‌ಡ್ರೈವನ್ನು ಕಿತ್ತು, ಹೊಳೆಯತ್ತ ಕೈ ಎತ್ತಿದ.

"ಮೌನೇಶಾ, ಆ ಕಡೀ ಪದ ನಿನಗ ಬರತೈತಲ್ಲ?"

"ಬರದೇ ಏನ್ರಿ? ಸಣ್ಣಾಂವ ಇದ್ದಾಗಿಂದ ಕೇಳೀನಿ."

"ಹಾಡು."

"ದಡವ ಬಿಟ್ಟೆನೆಂಬ ದೋಣಿ ದಡದಾಗೇ ಇತ್ತಲ್ಲ..."

ಎರಡನೆಯ ಸಾಲು ಬರಲಿಲ್ಲ. ಮೊದಲ ಸಾಲನ್ನೇ ಮತ್ತೆ ಹಾಡಿ, ಅಲ್ಲಿಂದ ಜಿಗಿಯಲು ನೋಡಿದ. ಆಗಲಿಲ್ಲ.

"ಬ್ಯಾರೇದು ಯಾವುದಾರ ಬರತೈತೇನು?"

ಎತ್ತಿದ ಕೈ ತಾನಾಗಿ ಇಳಿಯಿತು. ಮೌನೇಶ ನೆಲ ನೋಡುತ್ತ ಹೇಳಿದ: "ಎಲ್ಲಾದರ ಹೆಸರೂ ಗೊತ್ತದಾವ್ರಿ, ಅಜ್ಜಾರ."

ಗುರುಗಳು ತಮ್ಮ ಪಕ್ಕದ ಚಾಪೆಯನ್ನು ತಟ್ಟಿದರು.

"ಬಾ, ಕೂಡು. ನಿನ್ನ ನಾ ಹೊಳಿಗೆ ಒಗದಿಲ್ಲಲ್ಲ."